ಹಳೆಯದೋ, ರಾಜಧಾನಿಯದೋ

ಫೆಬ್ರವರಿ ೧೧

ದೊಡ್ಡಪ್ಪನವರಿಗೆ ನಮಸ್ಕಾರ.

ನಾನು ನಿಮ್ಮ ತಮ್ಮನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಇರಲಿಲ್ಲ. ಈಗ ಹದಿನೆಂಟು, ಹಲ್ಲೆಲ್ಲ ಇವೆ. ಈ ಪತ್ರ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ವಿಳಾಸ ಕೊಟ್ಟವಳು ಅಮ್ಮ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಇಷ್ಟು ವರ್ಷ ಅದನ್ನು ಜೋಪಾನ ಮಾಡಿ ಇಟ್ಟಿದ್ದಳು. "ನಾನು ಕೊಟ್ಟೆ ಅಂತ ಮಾತ್ರ ಯಾರಿಗೂ ಹೇಳ್ಬೇಡ," ಎಂದಳು. ಹೇಳಿಬಿಟ್ಟೆ. ನೀವು ಹೇಳಬೇಡಿ.

ವಿಷಯಕ್ಕೆ ಬರುತ್ತೇನೆ. ಸರ್ಕಾರ ಮತ್ತು ಅಂತರರಾಷ್ಟ್ರೀಯ ಸಂಬಂಧ ಎಂಬ ಶಾಸ್ತ್ರವನ್ನು ಓದಬೇಕೆಂದು ಅರ್ಜಿ ಹಾಕಿದ್ದೆ. ಒಂದು ಕಡೆಯೂ ಸೀಟು ಸಿಗಲಾರದು ಎಂದುಕೊಂಡಿದ್ದವಳಿಗೆ ಎರಡು ಕಡೆ ಸಿಕ್ಕಿದೆ. ಒಂದು ರಾಜಧಾನಿಯಲ್ಲಿರುವ ವಿಶ್ವವಿದ್ಯಾಲಯ. ಇನ್ನೊಂದು ನಿಮ್ಮ ಊರಿನದು, ಹಳೆಯದು, ನೀವು ಮರಗೆಲಸ ಮಾಡುತ್ತಿರುವುದು ಅಲ್ಲೇ ಎಂದು ಅಮ್ಮ ಹೇಳಿದಳು. ಎರಡೂ ಕಡೆ ವಿದ್ಯಾರ್ಥಿವೇತನ ಕೊಡುತ್ತಾರಂತೆ, ಹಾಗಾಗಿ ದುಡ್ಡಿನ ನೆಪ ಹೇಳುವಂತಿಲ್ಲ. ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ, "ಹಳೆಯದರಲ್ಲಿ ಸೀಟು ಸಿಕ್ಕವರು ಇನ್ನೊಂದರ ಕಡೆ ತಿರುಗಿ ಕೂಡ ನೋಡಲ್ಲ," ಎನ್ನುತ್ತಾರೆ. ಅಪ್ಪ ಮಾತ್ರ ರಾಜಧಾನಿಯೇ ಸರಿ ಎಂದು ಪಟ್ಟು ಹಿಡಿದಿದ್ದಾರೆ. ಕಾರಣ ಕೇಳಿದರೆ, "ಆ ಊರಲ್ಲಿ ಥಂಡಿ ಜಾಸ್ತಿ, ಮರ ಊದ್ಕೊಳ್ಳತ್ತೆ," ಎನ್ನುತ್ತಾರೆ. ನಾನು ಮರ ಅಲ್ಲ ಎಂದೆ.

ಅವರ ನಿಜವಾದ ಕಾರಣ ನನಗೂ ಗೊತ್ತು, ನಿಮಗೂ ಗೊತ್ತು. ನೀವಿಬ್ಬರೂ ಸೇರಿ ನಗರಸಭೆಗೆ ಇಪ್ಪತ್ತೆರಡು ಜನ ಕೂರುವ ಮೇಜು ಮಾಡಿದ್ದು, ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಮೂರು ದಿನ ಅಧ್ಯಕ್ಷರು ಮೇಜಿನ ಕೆಳಗೆ ತೂರಿಕೊಂಡು ಕಚೇರಿಗೆ ಹೋಗಿದ್ದು, ತಿರುವಿನ ಅಳತೆ ತಮ್ಮನದು ಎಂದು ನೀವು ಎಲ್ಲರೆದುರು ಹೇಳಿದ್ದು, ಅಪ್ಪ ಸಿಟ್ಟಿನಲ್ಲಿ ಗರಗಸ ತಂದು ಮೇಜನ್ನು ಅಲ್ಲೇ ಎರಡು ಹೋಳು ಮಾಡಿದ್ದು. ಈ ಕಥೆಯನ್ನು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠ.

ಏಪ್ರಿಲ್ ಮೂವತ್ತರೊಳಗೆ ನಾನು ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಹೇಳಬೇಕು. ಆಮೇಲೆ ಬದಲಿಸುವಂತಿಲ್ಲ. ಆ ವಿಶ್ವವಿದ್ಯಾಲಯವನ್ನು ಒಳಗಿನಿಂದ ಕಂಡವರು ನನಗೆ ಗೊತ್ತಿರುವಂತೆ ನೀವೊಬ್ಬರೇ. ಹೇಗಿದೆ ಎಂದು ಬರೆಯುತ್ತೀರಾ? ದೊಡ್ಡಮ್ಮನಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ತಮ್ಮನ ಮಗಳು,
ನೀವು 'ಟಪಾಲು' ಎಂದು ಕರೆಯುತ್ತಿದ್ದವಳು

•

ಫೆಬ್ರವರಿ ೧೯

ನನ್ನ ಟಪಾಲು ಮರಿಗೆ ಆಶೀರ್ವಾದ.

ನಿನ್ನ ಪತ್ರ ಕೈಗೆ ಬಂದಾಗ ನಾನು ಏಣಿಯ ಮೇಲಿದ್ದೆ. ಅಲ್ಲೇ ಒಡೆದು ಓದಿದೆ. ಕೆಳಗೆ ಏಣಿ ಹಿಡಿದಿದ್ದವನು "ಏನ್ ಯಜಮಾನ್ರೇ, ಅಳ್ತಾ ಇದ್ದೀರೋ ನಗ್ತಾ ಇದ್ದೀರೋ?" ಎಂದ. "ಏಣಿ ಸರಿಯಾಗಿ ಹಿಡ್ಕೋ, ಆಮೇಲೆ ಹೇಳ್ತೀನಿ," ಎಂದೆ. ನಿಮ್ಮ ದೊಡ್ಡಮ್ಮ ಪದವಿ ಪ್ರದಾನದ ದಿನ ಹುಡುಗರು ತೊಡುವ ಕಪ್ಪು ನಿಲುವಂಗಿಗಳನ್ನು ಹೊಲಿಯುತ್ತಾಳೆ. ನಿನ್ನ ಪತ್ರ ತೋರಿಸಿದ ಕೂಡಲೇ, "ಅವಳ ಎತ್ತರ ಎಷ್ಟು ಅಂತ ಕೇಳಿ ಬರೀರಿ," ಎಂದಳು. ಸೇರುವ ಮೊದಲೇ ಪದವಿ ಕೊಟ್ಟಾಯಿತು.

ಈಗ ಕೇಳು. ನಮ್ಮ ವಿಶ್ವವಿದ್ಯಾಲಯದಂಥದ್ದು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಗ್ರಂಥಾಲಯದ ಮೇಜುಗಳು ಒಂದೊಂದೂ ಒಂದೇ ಹಲಗೆಯವು, ಅಂಥ ಮರ ಈಗ ಹುಟ್ಟುವುದೇ ಇಲ್ಲ. ನಿನ್ನ ವಿಭಾಗದ ಕುರ್ಚಿಗಳೆಲ್ಲ ಹನ್ನೊಂದು ವರ್ಷದಿಂದ ನನ್ನ ಕೈಯಲ್ಲೇ ಹಾದು ಹೋಗಿವೆ. ಅಲ್ಲಿ ಯುದ್ಧಗಳ ಬಗ್ಗೆ ಪಾಠ ಮಾಡುವವರೊಬ್ಬರಿದ್ದಾರೆ, ವರ್ಷಕ್ಕೆರಡು ಸಲ ಅವರ ಕುರ್ಚಿಯ ಕೈ ಕಿತ್ತು ಬರುತ್ತದೆ, ಅಷ್ಟು ಗುದ್ದುತ್ತಾರೆ. ಒಪ್ಪಂದಗಳ ಬಗ್ಗೆ ಪಾಠ ಮಾಡುವ ಮೇಡಂ ಒಬ್ಬರಿದ್ದಾರೆ. ಅವರ ಕುರ್ಚಿಯ ಬೆನ್ನು ಇನ್ನೂ ಹೊಸದರಂತಿದೆ, ಮುಂದಿನ ಅಂಚು ಮಾತ್ರ ಪೂರ್ತಿ ಸವೆದಿದೆ. ಅಂದರೆ ಆಯಮ್ಮ ಒಂದು ದಿನವೂ ಒರಗಿ ಕೂತಿಲ್ಲ, ಮಕ್ಕಳು ಹೇಳುವುದನ್ನು ಮುಂದೆ ಬಾಗಿ ಕೇಳಿಸಿಕೊಂಡಿದ್ದಾಳೆ. ಅಂಥವರ ಹತ್ತಿರ ನೀನು ಓದಬೇಕು. ಓದು ಗಟ್ಟಿ, ಊರು ಶಾಂತ, ಊಟಕ್ಕೆ ನಮ್ಮ ಮನೆ ಹತ್ತು ನಿಮಿಷದ ದಾರಿ. ಥಂಡಿ ಗಿಂಡಿ ಏನೂ ಇಲ್ಲ. ನಿಮ್ಮಪ್ಪನಿಗೆ ಚಿಕ್ಕಂದಿನಿಂದಲೂ ಶೀತದ ಪ್ರಕೃತಿ, ಅಷ್ಟೇ.

ಕಣ್ಣು ಮುಚ್ಚಿಕೊಂಡು ಇಲ್ಲಿಗೆ ಬಾ.

ನಿನ್ನ ದಾರಿ ಕಾಯುವ
ದೊಡ್ಡಪ್ಪ

•

ಮಾರ್ಚ್ ೩

ಪ್ರೀತಿಯ ದೊಡ್ಡಪ್ಪ,

ನಿಮ್ಮ ಪತ್ರವನ್ನು ಶಾಲೆಯ ಬಸ್ಸಿನಲ್ಲಿ ಮೂರು ಸಲ ಓದಿದೆ. ಅಮ್ಮನಿಗೂ ಓದಲು ಕೊಟ್ಟೆ. ಅವಳು ಅಂಗಡಿಯಲ್ಲಿ ಸೀರೆಗೆ ಅಂಚು ಹೊಲಿಯುತ್ತಾ, "ನಿಮ್ಮ ದೊಡ್ಡಪ್ಪ ಅಂಗಡಿ ಇಡ್ಬೇಕಿತ್ತು, ಮುರಿದ ಕುರ್ಚಿನೂ ಹೊಸದು ಅಂತ ಮಾರ್ತಿದ್ರು," ಎಂದಳು. ನನಗೂ ಹಾಗೇ ಅನಿಸಿತು, ಕ್ಷಮಿಸಿ. ಕಣ್ಣು ಮುಚ್ಚಿಕೊಂಡು ಬರಲಾರೆ, ತೆರೆದುಕೊಂಡು ಬರಬೇಕು. ಅಲ್ಲಿ ಮೊದಲ ವರ್ಷ ಏನು ಓದಿಸುತ್ತಾರೆ? ವಿದ್ಯಾರ್ಥಿಗಳು ತಮ್ಮ ತಮ್ಮಲ್ಲಿ ವಾದ ಮಾಡುತ್ತಾರೋ, ಸುಮ್ಮನೆ ಬರೆದುಕೊಳ್ಳುತ್ತಾರೋ?

ಈ ಶಾಸ್ತ್ರ ಯಾಕೆ ಓದುತ್ತೀಯ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲರಿಗೂ ಏನೋ ದೊಡ್ಡ ಮಾತು ಹೇಳುತ್ತೇನೆ. ನಿಮಗೆ ನಿಜ ಹೇಳುತ್ತೇನೆ. ಮೇಜು ಕೊಯ್ದ ಮೇಲೆ ನೀವು ಊರು ಬಿಡುವ ತನಕ ಮೂರು ತಿಂಗಳು ಅಪ್ಪ ಮತ್ತು ನೀವು ಒಂದೇ ಕೆಲಸದ ಕೊಟ್ಟಿಗೆಯಲ್ಲಿ, ಮಾತಿಲ್ಲದೆ, ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದಿರಿ. ಆರು ಹೆಜ್ಜೆ ದೂರ. ಮಧ್ಯೆ ನಾನು. ಅಪ್ಪ, "ಆ ಮಹಾನುಭಾವನಿಗೆ ಹೇಳು, ನನ್ನ ಉಳಿ ಇಟ್ಟ ಕಡೆ ಇಡ್ಲಿ ಅಂತ," ಎನ್ನುತ್ತಿದ್ದರು. ನಾನು ನಿಮ್ಮ ಹತ್ತಿರ ಬಂದು, "ದೊಡ್ಡಪ್ಪ, ಅಪ್ಪನಿಗೆ ಉಳಿ ಬೇಕಂತೆ, ದಯವಿಟ್ಟು ಕೊಡ್ಬೇಕಂತೆ," ಎನ್ನುತ್ತಿದ್ದೆ. ನೀವು, "ಅವನ ಉಳಿ ತುಕ್ಕು ಹಿಡಿದಿದೆ, ನಾನ್ಯಾಕೆ ಮುಟ್ಲಿ?" ಎಂದರೆ ಅಪ್ಪನ ಹತ್ತಿರ ಹೋಗಿ, "ದೊಡ್ಡಪ್ಪ ಹುಡುಕ್ತಾ ಇದ್ದಾರೆ, ಪಾಪ," ಎನ್ನುತ್ತಿದ್ದೆ. ದಿನಕ್ಕೆ ಇಪ್ಪತ್ತು ಸುಳ್ಳು. ಒಂದನ್ನೂ ನಾನು ಈ ತನಕ ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ.

ಅಷ್ಟು ಸುಳ್ಳು ಹೇಳಿಯೂ ನೀವು ಹೋದಿರಿ. ನಾನು ಏನನ್ನೋ ಸರಿಯಾಗಿ ಮುಟ್ಟಿಸಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಮುಂದಿನ ಸಲ ಇಬ್ಬರ ಮಧ್ಯೆ ನಿಂತಾಗ ಆ ಕೆಲಸವನ್ನು ಕಲಿತುಕೊಂಡು ಮಾಡಬೇಕು ಎಂಬುದೇ ನನ್ನ ಆಸೆ. ಅಷ್ಟೇ ಕಾರಣ.

ನಿಮ್ಮ
ಟಪಾಲು

ಮರೆತಿದ್ದೆ, ನನ್ನ ಎತ್ತರ ಐದು ಅಡಿ ಮೂರು ಇಂಚು.

•

ಮಾರ್ಚ್ ೧೧

ಮಗೂ,

ಇವತ್ತು ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋಗುತ್ತೇನೆ, ಮೊದಲು ಇದನ್ನು ಬರೆಯಬೇಕು.

ನಿಮ್ಮಪ್ಪ ಹುಟ್ಟಿದಾಗಿನಿಂದ ಯಾರಿಗೂ 'ದಯವಿಟ್ಟು' ಎಂದವನಲ್ಲ. ಹಲ್ಲು ಕೀಳುವ ಡಾಕ್ಟರಿಗೂ ಹೇಳಿಲ್ಲ. ಅಂಥವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಆ ಮಾತು ಬಂತು ಎಂದರೆ ನಾನು ನಂಬುತ್ತೇನೆಯೇ? ನನಗೆ ಮೊದಲ ದಿನವೇ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು, ಯಾಕೆಂದರೆ ನಾನು ಅವನ ಉಳಿ ಹುಡುಕಿಕೊಡುವವನಲ್ಲ, ಯಾರಿಂದಲೂ 'ಪಾಪ' ಅನ್ನಿಸಿಕೊಳ್ಳುವವನೂ ಅಲ್ಲ. ನಿಜ ಹೇಳಲೇ? ನೀನು ಅದನ್ನು ಹೇಗೆ ತಿರುಗಿಸಿ ಹೇಳುತ್ತೀಯೋ ಕೇಳೋಣವೆಂದೇ ನಾನು ಒಂದೊಂದು ಸಲ ಬೇಕೆಂದು ಕೆಟ್ಟ ಮಾತು ಕಳಿಸುತ್ತಿದ್ದೆ. "ಅವನ ತಲೆ ಒಳಗೆ ಹೊಟ್ಟು ತುಂಬಿದೆ ಅಂತ ಹೇಳು," ಎಂದಿದ್ದೆ ಒಮ್ಮೆ. ನೀನು ಆರು ಹೆಜ್ಜೆ ನಡೆಯುವಷ್ಟರಲ್ಲಿ ಯೋಚನೆ ಮಾಡಿ, "ಅಪ್ಪ, ನಿಮ್ಮ ತಲೆ ಮೇಲೆ ಹೊಟ್ಟು ಬಿದ್ದಿದೆಯಂತೆ, ಒರೆಸ್ಕೋಬೇಕಂತೆ," ಎಂದೆ. ನಿಮ್ಮಪ್ಪನ ಬೆನ್ನು ನಗುವಿನಿಂದ ಕುಲುಕಿದ್ದನ್ನು ನಾನು ನೋಡಿದ್ದೇನೆ.

ನೀನು ಎಲ್ಲವನ್ನೂ ಸರಿಯಾಗಿಯೇ ಮುಟ್ಟಿಸಿದ್ದೀಯ. ನಾವಿಬ್ಬರು ದೊಡ್ಡವರು ಮೊಂಡಾಗಿದ್ದೆವು. ಮೂರು ತಿಂಗಳು ನಾವು ಒಂದೇ ಸೂರಿನ ಕೆಳಗೆ ಇದ್ದದ್ದು ನಿನ್ನಿಂದ, ಬಿಟ್ಟದ್ದು ನಮ್ಮಿಂದ. ಈ ಮಾತನ್ನು ಹನ್ನೊಂದು ವರ್ಷದ ಹಿಂದೆಯೇ ನಿನ್ನ ಕಿವಿಗೆ ಹಾಕಬೇಕಿತ್ತು. ತಪ್ಪಾಯಿತು ಕಂದ.

ನಿನ್ನ ಪ್ರಶ್ನೆಗಳಿಗೆ ವಿಚಾರಿಸಿ ಬರೆಯುತ್ತೇನೆ.

ದೊಡ್ಡಪ್ಪ

•

ಏಪ್ರಿಲ್ ೨

ಮಗೂ,

ತಡವಾಯಿತು. ವಿಚಾರಿಸುವುದಕ್ಕೆ ತಡವಾಗಲಿಲ್ಲ, ಬರೆಯುವುದಕ್ಕೆ ಮನಸ್ಸು ಬರಲಿಲ್ಲ.

ನಿನ್ನ ವಿಭಾಗದ ಮೊದಲ ವರ್ಷದ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಅರ್ಧ ದಿನದ ಕೆಲಸ, ನಾನು ಮೂರು ದಿನ ಮಾಡಿದೆ. ಹೊರಗೆ ಮಂಡಿಯೂರಿ ಕೂತು, ಒಂದೊಂದೇ ತಿರುಪನ್ನು ಬಿಚ್ಚುತ್ತಾ ಹಾಕುತ್ತಾ ಪಾಠ ಪೂರ್ತಿ ಕೇಳಿದೆ. ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ರಾಜ ಎಂದರೆ ಯಾರು, ಪ್ರಜೆ ಅವನ ಮಾತನ್ನು ಯಾಕೆ ಕೇಳಬೇಕು ಎಂದು ಎರಡು ದಿನ ಹೇಳಿದರು. ಮೂರನೆಯ ದಿನ ಕೇಳದಿದ್ದರೆ ಏನಾಗುತ್ತದೆ ಎಂದು ಶುರು ಮಾಡಿದರು. ವಿದ್ಯಾರ್ಥಿ ವಾರಕ್ಕೊಂದು ಪ್ರಬಂಧ ಬರೆದು ಮೇಷ್ಟರ ಎದುರು ಒಬ್ಬನೇ ಕೂತು ಓದಿ ಹೇಳುತ್ತಾನೆ. ಇಬ್ಬರೇ ಇರುತ್ತಾರೆ. ಹುಡುಗರು ತಮ್ಮ ತಮ್ಮಲ್ಲಿ ವಾದ ಮಾಡುವುದು ಕಡಿಮೆ. ಇವತ್ತು ನಡೆಯುತ್ತಿರುವ ಒಪ್ಪಂದ ಗಿಪ್ಪಂದದ ಸುದ್ದಿ ಬರುವುದು ಮೂರನೇ ವರ್ಷಕ್ಕೆ.

ಇಲ್ಲಿ ಮೆರುಗೆಣ್ಣೆ ಹಚ್ಚುವವನೊಬ್ಬ ರಾಜಧಾನಿಯದರಲ್ಲಿ ಆರು ವರ್ಷ ಇದ್ದು ಬಂದವನು. ಅವನನ್ನು ಚಹಾ ಕುಡಿಸಿ ಕೂರಿಸಿಕೊಂಡು ಕೇಳಿದೆ. ಅಲ್ಲಿ ಮೊದಲ ವರ್ಷದಲ್ಲೇ ಮಕ್ಕಳನ್ನು ದೇಶ ದೇಶಗಳೆಂದು ವಿಂಗಡಿಸಿ, ಮೂರು ದಿನ ಒಂದೇ ಕೋಣೆಯಲ್ಲಿ ಕೂರಿಸಿ, ಜಗಳ ಬಗೆಹರಿಸಿಕೊಂಡು ಹೊರಗೆ ಬನ್ನಿ ಎನ್ನುತ್ತಾರಂತೆ. ಪಾಠ ಮಾಡುವವರಲ್ಲಿ ಅರ್ಧ ಜನ ರಾಯಭಾರಿಗಳಾಗಿದ್ದವರು. ಎರಡನೇ ವರ್ಷ ಆರು ತಿಂಗಳು ನಿಜವಾದ ಕಚೇರಿಗೇ ಕಳಿಸುತ್ತಾರಂತೆ. ಕುಂದುಗಳೂ ಇವೆ. ಮೇಷ್ಟ್ರುಗಳು ಅರ್ಧ ಪಾಠದಲ್ಲಿ ಕರೆ ಬಂತೆಂದು ಎದ್ದು ಹೋಗುತ್ತಾರೆ, ನಿನ್ನ ಹೆಸರು ಕೂಡ ಯಾರಿಗೂ ನೆನಪಿರುವುದಿಲ್ಲ, ಹಾಸ್ಟೆಲ್ಲು ಬಟ್ಟೆ ಒಗೆಯುವ ಅಂಗಡಿಯ ಮೇಲೆ, ಇಡೀ ದಿನ ಗಡಗಡ ಸದ್ದು.

ನೀನು ಮಾರ್ಚ್ ಮೂರರ ಪತ್ರದಲ್ಲಿ ಬರೆದದ್ದು ನಿಜವಾದರೆ ನಿನಗೆ ಬೇಕಾದದ್ದು ಅಲ್ಲಿದೆ, ಇಲ್ಲಿಲ್ಲ.

ಮೊದಲ ಪತ್ರದಲ್ಲಿ ನಾನು ಸುಳ್ಳು ಬರೆದಿರಲಿಲ್ಲ, ಅರ್ಧ ಬರೆದಿದ್ದೆ. ನಮಗೆ ಮಕ್ಕಳಿಲ್ಲ. ನೀನು ಸಂಜೆ ಬಾಗಿಲು ತಳ್ಳಿಕೊಂಡು ಬಂದು "ಹಸಿವಾಗ್ತಿದೆ ದೊಡ್ಡಮ್ಮ" ಎನ್ನುವುದನ್ನು ನಾವಿಬ್ಬರೂ ಆಗಲೇ ನಾಲ್ಕೈದು ಸಲ ಕಣ್ಣ ಮುಂದೆ ತಂದುಕೊಂಡು ಬಿಟ್ಟಿದ್ದೆವು. ನೀನು ಬಂದರೆ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ. ಅದಕ್ಕೇ ನನ್ನ ಮಾತನ್ನು ನಂಬಬೇಡ ಎಂದು ಹೇಳುತ್ತಿದ್ದೇನೆ. ರಾಜಧಾನಿಗೆ ಹೋಗು.

ಒಂದು ಸಲ ಇತ್ತ ಕಡೆ ಬಂದು ಮುಖ ತೋರಿಸಿ ಹೋದರೆ ಸಾಕು.

ಆಶೀರ್ವಾದಗಳೊಂದಿಗೆ
ದೊಡ್ಡಪ್ಪ

•

ಏಪ್ರಿಲ್ ೮

ದೊಡ್ಡಪ್ಪಾ!

ಸಿಕ್ಕಿಬಿದ್ದೆವು.

ನಿಮ್ಮ ಪತ್ರ ಬಂದ ದಿನ ನಾನು ಪರೀಕ್ಷೆಗೆ ಹೋಗಿದ್ದೆ, ಅಮ್ಮ ಅಂಗಡಿಯಲ್ಲಿದ್ದಳು. ಅಪ್ಪನ ಕೈಗೆ ಸಿಕ್ಕಿತು. ಹಲಗೆಯ ಮೇಲೆ ನೀವು ಪೆನ್ಸಿಲಿನಲ್ಲಿ ಬರೆದ ಅಂಕಿಗಳನ್ನು ನೋಡುತ್ತಾ ಬೆಳೆದವರಿಗೆ ನಿಮ್ಮ ಅಕ್ಷರ ಗುರುತು ಸಿಗದೆ ಇರುತ್ತದೆಯೇ? ಅವರು ಒಡೆಯಲಿಲ್ಲ. ಲಕೋಟೆಯನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು, ನಾನು ಬರುವ ತನಕ ಅದನ್ನೇ ನೋಡುತ್ತಾ ಕೂತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ, "ಓದು," ಎಂದರು.

ಓದಿದೆ. ಗಟ್ಟಿಯಾಗಿ, ಮೊದಲಿಂದ ಕೊನೆಯ ತನಕ. 'ರಾಜಧಾನಿಗೆ ಹೋಗು' ಎಂಬಲ್ಲಿಗೆ ಬಂದಾಗ ಅಪ್ಪ ಕೈ ಎತ್ತಿ, "ಇನ್ನೊಂದ್ಸಲ ಓದು," ಎಂದರು. ಇನ್ನೊಂದು ಸಲ ಓದಿದೆ. ಆಮೇಲೆ ಏನು ಹೇಳಿದರು ಗೊತ್ತೇ? "ನೀನು ಹಳೆಯದಕ್ಕೇ ಹೋಗು."

ನಾನು, "ಅಲ್ಲಿ ಥಂಡಿ ಅಲ್ವಾ ಅಪ್ಪ?" ಎಂದೆ.

"ಒಂದು ಸ್ವೆಟರ್ ಹೆಚ್ಚಿಗೆ ಹಾಕ್ಕೋ."

ಅಂದಿನಿಂದ ಅವರದು ಒಂದೇ ಹಟ. ದಿನಾ ಊಟಕ್ಕೆ ಕೂತಾಗ ಹಳೆಯ ವಿಶ್ವವಿದ್ಯಾಲಯದ ಗುಣಗಾನ. ಅಮ್ಮ, "ಎರಡು ತಿಂಗಳಿಂದ ಆ ಊರಿನ ಹೆಸರೆತ್ತಿದ್ರೆ ಸೀನ್ತಾ ಇದ್ರಿ, ಈಗೇನಾಯ್ತು?" ಎಂದರೆ ಕೇಳಿಸದವರಂತೆ ಇರುತ್ತಾರೆ. ನಿನ್ನೆ ನಿಮಗೊಂದು ಮಾತು ಹೇಳಿ ಕಳಿಸಿದ್ದಾರೆ. ಈ ಸಲ ನಾನು ಒಂದಕ್ಷರವನ್ನೂ ಬದಲಿಸಿಲ್ಲ, ಇದ್ದದ್ದು ಇದ್ದ ಹಾಗೇ: "ಅವನಿಗೆ ಬರಿ, ಬಾಗಿಲ ಹೊರಗೆ ಮೂರು ದಿನ ಕೂತು ವಿಶ್ವವಿದ್ಯಾಲಯ ಅಳೆಯೋಕೆ ಆಗಲ್ಲ ಅಂತ. ಮಗು ಅಲ್ಲೇ ಓದ್ಲಿ. ದೊಡ್ಡಪ್ಪ ದೊಡ್ಡಮ್ಮ ಇರೋ ಊರು ಬಿಟ್ಟು ಗಡಗಡ ಅನ್ನೋ ಅಂಗಡಿ ಮೇಲೆ ಯಾಕಿರ್ಬೇಕು?"

ನಾನೀಗ ಎಲ್ಲಿಗೆ ಹೋಗಲಿ? ಇನ್ನು ಇಪ್ಪತ್ತೆರಡು ದಿನ ಇದೆ.

ಕಂಗಾಲಾಗಿರುವ
ಟಪಾಲು

•

ಏಪ್ರಿಲ್ ೧೩

ಮಗೂ,

ಅವನಿಗೆ ಹೇಳು, ಬಾಗಿಲ ಹೊರಗೆ ಕೂತು ಕೇಳಿದವನಿಗೆ ಮನೆಯಲ್ಲಿ ಕೂತು ಗುಣಗಾನ ಮಾಡುವವನಿಗಿಂತ ಹೆಚ್ಚು ಗೊತ್ತಿರುತ್ತದೆ ಎಂದು. ಅವನು ಮೊದಲು ಹೇಳಿದ್ದೇ ಸರಿ ಇತ್ತು, ಯಾವಾಗಲೂ ಸರಿಯಾದದ್ದನ್ನು ಹೇಳಿ ಆಮೇಲೆ ಕೆಡಿಸುತ್ತಾನೆ ಎಂದೂ ಹೇಳು. ಮಗು ರಾಜಧಾನಿಗೇ ಹೋಗಬೇಕು. ಇದು ನನ್ನ ಕೊನೆಯ ಮಾತು. ಇನ್ನೂ ಇವೆ, ಜಾಗ ಸಾಲದು.

ಇಪ್ಪತ್ತಾರಕ್ಕೆ ಇಲ್ಲಿ ಹೊಸ ವಿದ್ಯಾರ್ಥಿಗಳು ಬಂದು ನೋಡುವ ದಿನವಂತೆ. ಅಷ್ಟು ಧೈರ್ಯವಿದ್ದರೆ ಬಂದು ಎದುರಿಗೆ ಹೇಳಲಿ ಎಂದು ಹೇಳು.

ದೊಡ್ಡಪ್ಪ

•

ಏಪ್ರಿಲ್ ೧೭

ಅಪ್ಪನಿಗೂ ದೊಡ್ಡಪ್ಪನವರಿಗೂ,

ಈ ಪತ್ರದ ಎರಡು ಪ್ರತಿ ಬರೆದಿದ್ದೇನೆ. ಒಂದು ಅಂಚೆಯಲ್ಲಿ ಬರುತ್ತದೆ, ಇನ್ನೊಂದನ್ನು ಊಟದ ಮೇಜಿನ ಮೇಲೆ, ನಿಮ್ಮ ತಟ್ಟೆಯ ಪಕ್ಕ ಇಟ್ಟಿದ್ದೇನೆ ಅಪ್ಪ.

ಏಳು ವರ್ಷದವಳಿದ್ದಾಗಿನಿಂದ ನಾನು ಮಾಡುತ್ತಿದ್ದ ಕೆಲಸಕ್ಕೆ ಇವತ್ತಿನಿಂದ ರಾಜೀನಾಮೆ ಕೊಟ್ಟಿದ್ದೇನೆ. ಇನ್ನು ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ಯುವುದಿಲ್ಲ, ಬದಲಿಸಿಯೂ ಇಲ್ಲ, ಬದಲಿಸದೆಯೂ ಇಲ್ಲ. ಹೇಳುವುದಿದ್ದರೆ ನೇರವಾಗಿ ಬರೆದುಕೊಳ್ಳಿ. ಲಕೋಟೆ, ಅಂಚೆಚೀಟಿ, ಪೆನ್ನು ಎಲ್ಲ ಸಕ್ಕರೆ ಡಬ್ಬಿಯ ಪಕ್ಕದಲ್ಲಿವೆ.

ನಿಮ್ಮಿಬ್ಬರ ಮೇಲೆ ನನಗೆ ಬಹಳ ಪ್ರೀತಿ ಇದೆ. ಸಿಟ್ಟೂ ಇದೆ. ಇಪ್ಪತ್ತಾರಕ್ಕೆ ನಾನು ಹೋಗಿ ನೋಡಿ ಬರುತ್ತೇನೆ. ನನ್ನ ಜೊತೆ ಯಾರು ಬರುತ್ತಾರೆ ಎನ್ನುವುದು ಅವರವರಿಗೆ ಬಿಟ್ಟದ್ದು.

ಮಗಳು

•

ಏಪ್ರಿಲ್ ೨೦

ಅಣ್ಣಾ,

ಇಪ್ಪತ್ತಾರಕ್ಕೆ ಮಗಳನ್ನು ಕರೆದುಕೊಂಡು ಬರುತ್ತಿದ್ದೇನೆ. ಬಸ್ಸು ಹತ್ತೂವರೆಗೆ. ನಿಲ್ದಾಣಕ್ಕೆ ಬರುವ ಅಗತ್ಯವಿಲ್ಲ. ಬರುವುದಾದರೆ ಹತ್ತೂಕಾಲಿಗೇ ಬಾ, ಆ ಬಸ್ಸು ಒಮ್ಮೊಮ್ಮೆ ಬೇಗ ಬರುತ್ತದಂತೆ.

ಎದುರಿಗೆ ನಿಂತಾಗ ಮಾತು ಬರುತ್ತದೋ ಇಲ್ಲವೋ, ಇಲ್ಲೇ ಹೇಳಿಬಿಡುತ್ತೇನೆ. ನಗರಸಭೆಯ ಮೆಟ್ಟಿಲ ತಿರುವನ್ನು ಅಳೆದಿದ್ದೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಕಣ್ಣಳತೆಯಲ್ಲಿ ನೋಡಿ ಬಂದಿದ್ದೆ. ಸಿಕ್ಕಿಕೊಂಡ ಮೇಲೆ ಒಪ್ಪಿಕೊಳ್ಳಲು ನಾಚಿಕೆ. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ನಿನಗೆ ಗೊತ್ತಲ್ಲ.

ನೀನು ಮಗಳಿಗೆ ರಾಜಧಾನಿಗೆ ಹೋಗು ಎಂದು ಬರೆದೆ. ನಿನ್ನ ಆಸೆಗೆ ವಿರುದ್ಧವಾದದ್ದನ್ನು ನಿನ್ನ ಕೈಯಾರೆ ಬರೆದೆ. ಅದನ್ನು ಓದಿಸಿಕೊಂಡ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಅತ್ತಿಗೆಗೆ ನಮಸ್ಕಾರ. ಅಡಿಗೆ ಜಾಸ್ತಿ ಮಾಡಬೇಡಿ.

ತಮ್ಮ

•

ಏಪ್ರಿಲ್ ೨೯

ದೊಡ್ಡಪ್ಪ,

ನಿನ್ನೆ ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಎರಡು ಲಕೋಟೆ ಹಾಕಿ ಬಂದೆ. ಅಪ್ಪನಿಗೆ ಹೇಳಿದ್ದೇನೆ. ನಿಮಗೆ ನಾನೇ ಬರೆಯಬೇಕು.

ರಾಜಧಾನಿಯದಕ್ಕೆ ಹೂಂ ಎಂದೆ.

ಇಪ್ಪತ್ತಾರರಂದು ಏನಾಯಿತು ಎಂದು ನಿಮಗೆ ಪೂರ್ತಿ ಗೊತ್ತಿಲ್ಲ, ಹೇಳುತ್ತೇನೆ. ಬಸ್ಸಿನಿಂದ ಇಳಿದಾಗ ನೀವಿಬ್ಬರೂ ಮಾತಾಡದೆ ನಿಂತದ್ದನ್ನು ನೋಡಿ ನಾನು ಹಳೆಯ ಅಭ್ಯಾಸದಂತೆ ಮಧ್ಯೆ ಬಂದು ನಿಲ್ಲಲು ಹೊರಟಿದ್ದೆ. ನೀವು, "ನೀನು ಅಳೆದಿಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು ಕಣೋ. ಟೇಪು ಇಡೀ ದಿನ ನನ್ನ ಜೇಬಲ್ಲೇ ಇತ್ತು," ಎಂದಿರಿ. ಅಪ್ಪ ಬಾಯಿ ಬಿಟ್ಟುಕೊಂಡು, "ಮತ್ತೆ ಹನ್ನೊಂದು ವರ್ಷ ಯಾಕೆ ಸುಮ್ನಿದ್ದೆ?" ಎಂದರು. "ನೀನೇ ಹೇಳ್ಲಿ ಅಂತ. ಅಷ್ಟು ಜನರ ಎದುರು ನಿನ್ನ ಹೆಸರು ಹೇಳಿದ್ದು ನನ್ನ ತಪ್ಪು, ಅದನ್ನ ಯಾವಾಗ ಹೇಳೋದು ಅಂತ ನಾನೂ ಕಾಯ್ತಾ ಇದ್ದೆ," ಎಂದಿರಿ. ಇಬ್ಬರೂ ಬುದ್ಧಿವಂತರೇ! ಹನ್ನೊಂದು ವರ್ಷ ಕಾದು ಕೂತ ನಿಮಗೆ ಬಹುಮಾನ ಕೊಡಬೇಕು.

ನೀವು ಅಪ್ಪನನ್ನು ನಿಮ್ಮ ಕೆಲಸದ ಕೊಟ್ಟಿಗೆಗೆ ಕರೆದುಕೊಂಡು ಹೋದಿರಿ, ನಾನು ಮೇಡಂ ಅವರ ಪಾಠಕ್ಕೆ ಹೋದೆ. ನೀವು ಹೇಳಿದ್ದು ಅಕ್ಷರಶಃ ನಿಜ, ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ನನಗೆ ಆ ಕೋಣೆ ಇಷ್ಟವಾಯಿತು ದೊಡ್ಡಪ್ಪ, ತುಂಬ. ಅಲ್ಲೇ ಉಳಿದುಬಿಡಬೇಕು ಅನಿಸಿತು. ಪಾಠ ಮುಗಿದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಒಂದು ಒಪ್ಪಂದ ಯಾಕೆ ಮುರೀತು ಅಂತ ತಿಳ್ಕೋಬೇಕಾ, ಅದನ್ನ ಬರೀತಿರೋ ಕೋಣೆಲಿ ನೀನಿರ್ಬೇಕಾ?" ಯೋಚಿಸದೆ, "ಕೋಣೆಲಿರ್ಬೇಕು," ಎಂದೆ. ಅವರು ನಕ್ಕು, "ಹಾಗಾದ್ರೆ ನಮ್ಮಲ್ಲಿ ನಾಲ್ಕು ವರ್ಷ ಚಡಪಡಿಸ್ತೀಯ. ಮೊದಲು ಅಲ್ಲಿಗೆ ಹೋಗು. ಆಮೇಲೆ ಪ್ರಶ್ನೆ ಹುಟ್ಟಿದ್ರೆ ಇಲ್ಲಿಗೆ ಬಾ," ಎಂದರು.

ಆದರೂ ನನಗೆ ಭಯವಿತ್ತು. ನಾನು ನಿಮ್ಮ ಊರಿಗೆ ಬಂದರೆ ನೀವಿಬ್ಬರೂ ಒಂದಾಗಿರುತ್ತೀರಿ, ಬರದಿದ್ದರೆ ಮತ್ತೆ ಮಾತು ನಿಲ್ಲುತ್ತದೆ ಎಂಬ ಭಯ. ಆ ಒಂದು ಕಾರಣಕ್ಕೆ ಹಳೆಯದನ್ನೇ ಒಪ್ಪಿಕೊಳ್ಳೋಣ ಎಂದು ನಿರ್ಧಾರ ಮಾಡಿಕೊಂಡೇ ಕೊಟ್ಟಿಗೆಯ ಕಡೆ ನಡೆದು ಬಂದೆ. ದೂರದಿಂದಲೇ ನಿಮ್ಮ ಜಗಳ ಕೇಳಿಸಿತು. ಯಾವುದೋ ಬೀರುವಿನ ಕೀಲಿನ ವಿಷಯ. ಅಪ್ಪ, "ಇದನ್ನ ಹೀಗೆ ಕೂರಿಸಿದವನು ಮನುಷ್ಯನೇನೋ?" ಎನ್ನುತ್ತಿದ್ದರು, ನೀವು, "ನಿನ್ನ ಹತ್ರ ಕಲಿತಿದ್ರೆ ಇನ್ನೂ ಆ ಮೆಟ್ಟಿಲ ಮೇಲೇ ಸಿಕ್ಕೊಂಡಿರ್ತಿದ್ದೆ," ಎನ್ನುತ್ತಿದ್ದಿರಿ. ಬಾಗಿಲಲ್ಲಿ ನಿಂತು ನೋಡಿದೆ. ಅಪ್ಪನ ಕೈ ಚಾಚಿತು, ನೀವು ಕೇಳದೆಯೇ ಉಳಿ ಕೊಟ್ಟಿರಿ.

ನಾನು ಹೋಗಿ ಎರಡು ಗಂಟೆಯಾಗಿತ್ತು. ನಿಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ. ನೀವು ನನ್ನನ್ನು ನೋಡಿ, "ಏನು, ಇನ್ನೂ ಹೋಗಿಲ್ವಾ ಪಾಠಕ್ಕೆ?" ಎಂದು ಬೇರೆ ಕೇಳಿದಿರಿ.

ದೊಡ್ಡಪ್ಪ, ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ನಿಮ್ಮ ಮಧ್ಯೆ ನಾನು ಬೇಕಾಗಿಯೇ ಇರಲಿಲ್ಲ. ಆಗ ನನಗೆ ಮನಸ್ಸು ಬಂದ ಕಡೆ ಹೋಗಬಹುದು ಎನಿಸಿತು.

ನಿಮಗೆ ನೋವಾಗುತ್ತದೆ ಎಂದು ಗೊತ್ತು. ದೊಡ್ಡಮ್ಮನಿಗೂ. ಪ್ರತಿ ರಜೆಗೆ ಮೊದಲು ನಿಮ್ಮ ಬಾಗಿಲನ್ನೇ ತಳ್ಳಿಕೊಂಡು ಬರುತ್ತೇನೆ, ಹಸಿವಾಗಿದೆ ಎಂದು ಕೂಗುತ್ತಲೇ ಬರುತ್ತೇನೆ.

ನಿಮ್ಮ ಮಗಳೇ ಆದ
ಟಪಾಲು

•

ಸೆಪ್ಟೆಂಬರ್ ೯

ಮಗೂ,

ನೀನು ಹೊಸ ಊರಿಗೆ ಹೋಗಿ ಮೂರು ದಿನವಾಗಿದೆ. ನಿನ್ನ ಪತ್ರ ಬರುವುದಕ್ಕೆ ಮೊದಲು ನಾನೇ ಬರೆಯುತ್ತಿದ್ದೇನೆ, ಯಾಕೆಂದರೆ ಇಲ್ಲಿ ಒಂದು ವಿಶೇಷ ನಡೆದಿದೆ.

ಮೇ ಮೊದಲಲ್ಲಿ ನಿನ್ನ ಪತ್ರ ಬಂದ ದಿನ ನನಗೆ ಬೇಜಾರಾಯಿತು. ಇಲ್ಲ ಎನ್ನುವುದಿಲ್ಲ. ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಬೆಂಚಿನ ಮೇಲೆ ಒಬ್ಬನೇ ಸ್ವಲ್ಪ ಹೊತ್ತು ಕೂತಿದ್ದೆ. ನಾನೇ ಹೇಳಿದ ಮಾತನ್ನು ನೀನು ಕೇಳಿದ್ದಕ್ಕೆ ನನಗೇ ಬೇಜಾರು, ಎಂಥಾ ಮನುಷ್ಯ ನೋಡು. ಆಮೇಲೆ ಬೇಸಿಗೆಯೆಲ್ಲ ನಿಮ್ಮಪ್ಪನ ಪತ್ರ ಬರುತ್ತಲೇ ಇತ್ತು, ಒಂದೊಂದರಲ್ಲೂ ಒಂದೊಂದು ತಕರಾರು, ಉತ್ತರ ಬರೆಯುವುದರಲ್ಲಿ ಬೇಜಾರು ಮಾಡಿಕೊಳ್ಳಲು ಪುರುಸೊತ್ತಾಗಲಿಲ್ಲ.

ಆ ದಿನ ಅವನು ನಿನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ನೇರವಾಗಿ ಮನೆಗೆ ಹೋಗಬೇಕಿತ್ತಲ್ಲ, ಹೋಗಿಲ್ಲ. ಸಂಜೆ ಐದಕ್ಕೆ ನಮ್ಮ ಬಾಗಿಲು ಬಡಿದ. ಕೈಯಲ್ಲಿ ಖಾಲಿ ಚೀಲ. "ಏನೋ ಇದ್ದಕ್ಕಿದ್ದ ಹಾಗೆ?" ಎಂದೆ. "ಮಗು ಇಲ್ಲಿಗೆ ಬರ್ಲಿಲ್ಲ ಅಂತ ನಿನಗೂ ಅತ್ತಿಗೆಗೂ ಬೇಜಾರಿರತ್ತೆ. ನಾಲ್ಕು ಮಾತಾಡಿ ಸಮಾಧಾನ ಮಾಡೋಣ ಅಂತ ಬಂದೆ," ಎಂದ. ಬಹಳ ಗಂಭೀರವಾಗಿ ಹೇಳಿದ. ನಿಮ್ಮ ದೊಡ್ಡಮ್ಮ ನಿಮ್ಮಮ್ಮನಿಗೆ ಫೋನ್ ಮಾಡಿದಳು. ಆ ಕಡೆಯಿಂದ ನಿಮ್ಮಮ್ಮ, "ಅಲ್ಲಿಗೇ ಹೋಗ್ತಾರೆ ಅಂತ ನನಗೆ ಗೊತ್ತಿತ್ತು. ಇರ್ಲಿ ಅಕ್ಕ, ಶನಿವಾರ ಅಂಗಡಿ ಮುಚ್ಚಿ ನಾನೂ ಬರ್ತೀನಿ," ಎಂದಳಂತೆ.

ಚಹಾ ಕೊಟ್ಟೆವು. ಕುಡಿದ. ನಿನ್ನ ಕೋಣೆ ಹೇಗಿದೆ ಎಂದು ಕೇಳಿದೆ. "ಕಿಟಕಿ ಚಿಲಕ ಸಡಿಲ ಇತ್ತು, ಬಿಗಿ ಮಾಡ್ದೆ. ಮೇಜಿನ ಒಂದು ಕಾಲು ಅಲ್ಲಾಡ್ತಿತ್ತು, ಸರಿ ಮಾಡ್ದೆ. ಕಪಾಟಿನ ಬಾಗಿಲೂ ಸರಿ ಮಾಡ್ದೆ," ಎಂದ. ಆಮೇಲೆ, "ಮಾಡೋಕೆ ಇನ್ನೇನೂ ಉಳಿದಿರ್ಲಿಲ್ಲ ಅಣ್ಣ, ಅದಕ್ಕೆ ಹೊರಟು ಬಂದೆ," ಎಂದ. ಅಷ್ಟು ಹೇಳಿದವನು ಲೋಟ ಕೆಳಗಿಟ್ಟು ಅಳಲು ಶುರು ಮಾಡಿದ.

ಮೂರು ದಿನವಾಯಿತು ಮಗೂ. ನನ್ನನ್ನು ಸಮಾಧಾನ ಮಾಡಲು ಬಂದವನನ್ನು ನಾನು ಸಮಾಧಾನ ಮಾಡುತ್ತಾ ಕೂತಿದ್ದೇನೆ. ಇದಕ್ಕಿಂತ ಸುಖವಾದ ಕೆಲಸ ನನಗೆ ಹನ್ನೊಂದು ವರ್ಷದಿಂದ ಸಿಕ್ಕಿರಲಿಲ್ಲ.

ಚೆನ್ನಾಗಿ ಓದು.

ನಿನ್ನ ದೊಡ್ಡಪ್ಪ